ಅಂಕೋಲೆಯ ಒಂದು ಬಳ್ಳಿ ಹಂದರ: ಮೊಳೆಯ ಆಯ್ಕೆ ಮತ್ತು ಮರದ ಸೀಳು

ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲೂಕಿನ ಕಡಲ ಬದಿಯ ಊರೊಂದರಲ್ಲಿ ಮಳೆಗಾಲದ ತರಕಾರಿಗೆಂದು ಮೇ ತಿಂಗಳಲ್ಲಿ ಕಟ್ಟಿದ ಹಂದರವೊಂದು, ಹೀರೆ ಮತ್ತು ಹಾಗಲ ಬಳ್ಳಿಗಳು ಇನ್ನೂ ಕಾಯಿ ಹಿಡಿಯುತ್ತಿದ್ದ ಹೊತ್ತಿನಲ್ಲೇ, ಆಷಾಢದ ಗಾಳಿಗೆ ಸಿಕ್ಕಿ ಒಂದು ಬದಿಗೆ ವಾಲಿತು. ಕಂಬಗಳು ಮುರಿದಿರಲಿಲ್ಲ, ಬುಡ ಕಿತ್ತುಬಂದಿರಲಿಲ್ಲ. ಬಿಟ್ಟುಕೊಂಡಿದ್ದವು ಮೊಳೆ ಹೊಡೆದ ಜಾಗಗಳು ಮಾತ್ರ. ಮನೆಯವರು ಮರದ ಗುಣಮಟ್ಟವನ್ನೂ ಗಾಳಿಯನ್ನೂ ದೂರುತ್ತಿದ್ದರು. ಆದರೆ ಕಳಚಿದ ಒಂದೊಂದು ತುಂಡನ್ನೂ ಕೈಯಲ್ಲಿ ಹಿಡಿದು ನೋಡಿದಾಗ, ತೊಂದರೆ ಹುಟ್ಟಿದ್ದು ಗಾಳಿ ಬೀಸಿದ ದಿನದಲ್ಲಲ್ಲ, ಹಂದರ ಕಟ್ಟಿದ ದಿನವೇ ಎಂಬುದು ಸ್ಪಷ್ಟವಾಯಿತು. ನಮ್ಮ ಕರಾವಳಿಯ ಹಿತ್ತಲುಗಳಲ್ಲಿ ಇದೇ ಬಗೆಯ ಹಂದರಗಳು ಇದೇ ಕಾರಣಕ್ಕೆ ವರ್ಷ ವರ್ಷವೂ ಬೀಳುತ್ತಿರುವುದರಿಂದ ಈ ಪ್ರಕರಣವನ್ನು ವಿವರವಾಗಿ ಬರೆದಿಡುವುದು ಅಗತ್ಯವೆನಿಸಿತು.

ಹಂದರದ ಸ್ವರೂಪ ಹೀಗಿತ್ತು. ಬಾವಿಕಟ್ಟೆಯ ಪಕ್ಕದಲ್ಲಿ ಸುಮಾರು 12 ಅಡಿ ಉದ್ದ, 8 ಅಡಿ ಅಗಲದ ಮಟ್ಟಸವಾದ ಚಪ್ಪರ. ಅದರ ಪಶ್ಚಿಮದ ಬದಿಗೆ ಹಾಗಲ ಮತ್ತು ಅಲಸಂದೆ ಹಬ್ಬಿಸಲು ನಿಲುವಾಗಿ ನಿಲ್ಲಿಸಿದ ಒಂದು ಜಾಲರಿ. ಕಂಬಗಳು ಮತ್ತು ಮೇಲಿನ ಅಡ್ಡಗಳಿಗೆ ಗಾಳಿಮರದ (ಕ್ಯಾಸುರಿನಾ) ಗಳಗಳನ್ನು ಬಳಸಲಾಗಿತ್ತು. ಚಪ್ಪರದ ಮೇಲ್ಭಾಗಕ್ಕೆ ಹಾಸಿದ್ದು ಘಟ್ಟದ ಮೇಲಿನ ನೆಂಟರ ತೋಟದಿಂದ ಬಂದ ಅಡಿಕೆ ದಬ್ಬೆ, ಅಂದರೆ ಅಡಿಕೆ ಮರವನ್ನು ಉದ್ದಕ್ಕೆ ಸೀಳಿದ ಪಟ್ಟಿ. ನಿಲುವು ಜಾಲರಿಗೆ, ಹಳೆಯ ಹಂಚಿನ ಮಾಡು ಬಿಚ್ಚಿದಾಗ ಉಳಿದಿದ್ದ ಮತ್ತಿ ಮರದ ರೀಪುಗಳನ್ನು ಸೀಳಿಸಿ, ಒಂದೂವರೆ ಇಂಚು ಅಗಲ ಮತ್ತು ಅರ್ಧ ಇಂಚು ದಪ್ಪದ ಪಟ್ಟಿಗಳನ್ನಾಗಿ ಮಾಡಿಕೊಂಡಿದ್ದರು. ಮೂರೂ ಸಾಮಾನು ಈ ಜಿಲ್ಲೆಯಲ್ಲಿ ಸುಲಭವಾಗಿ ದೊರೆಯುವಂಥವು, ಮೂರೂ ಹಂದರಕ್ಕೆ ಯೋಗ್ಯವಾದಂಥವು. ಆದರೆ ಈ ಮೂರಕ್ಕೂ ಒಂದೇ ಮೊಳೆಯನ್ನು, ಅಂದರೆ ಮನೆಯ ಮಾಡಿನ ಕೆಲಸದಲ್ಲಿ ಮಿಕ್ಕಿದ್ದ ಎರಡೂವರೆ ಇಂಚಿನ 10 ಗೇಜಿನ (ಗೇಜಿನ ಸಂಖ್ಯೆ ಹೆಚ್ಚಿದಷ್ಟೂ ಮೊಳೆ ತೆಳು) ಸಾದಾ ಕಬ್ಬಿಣದ ಮೊಳೆಯನ್ನು ಹೊಡೆಯಲಾಗಿತ್ತು.

ಕೆಲಸ ಮಾಡಿದ ಆಚಾರಿಗಳು ಅನುಭವಸ್ಥರು. ಅವರನ್ನು ಕೇಳಿದಾಗ, "ಕಡಲಿನ ಗಾಳಿಗೆ ತಡೀಬೇಕಲ್ಲ, ಸಣ್ಣ ಮೊಳೆ ಹೊಡೆದರೆ ಕಿತ್ತು ಬತ್ತದೆ ಅಂತ ದೊಡ್ಡದೇ ಹೊಡೆದೆ" ಎಂದರು. ಮಾಡಿನ ಕೆಲಸಕ್ಕೆ ಈ ಲೆಕ್ಕ ಸರಿಯಾದದ್ದೇ. ಒಂದು ಇಂಚು ದಪ್ಪದ ರೀಪನ್ನು ದಪ್ಪನೆಯ ಪಕಾಸಿನ (ಮಾಡಿನ ಓರೆ ತೊಲೆಯ) ಮೇಲೆ ಕೂರಿಸುವಾಗ ಎರಡೂವರೆ ಇಂಚಿನ ಮೊಳೆ ಉಚಿತವಾದ ಅಳತೆ. ಅದೇ ಮೊಳೆ ಅರ್ಧ ಇಂಚಿನ ಪಟ್ಟಿಗೆ ಬಂದಾಗ ಪರಿಸ್ಥಿತಿ ಪೂರ್ತಿ ಬದಲಾಗುತ್ತದೆ, ಏಕೆಂದರೆ ಮೊಳೆಯ ಗಾತ್ರವನ್ನು ನಿರ್ಧರಿಸಬೇಕಾದದ್ದು ಮೇಲಿನಿಂದ ಬರುವ ಭಾರವಲ್ಲ, ಜೋಡಣೆಯಲ್ಲಿರುವ ಎರಡು ತುಂಡುಗಳ ಪೈಕಿ ತೆಳುವಾದದ್ದು.

ಸೀಳುಗಳನ್ನು ಓದಿದ ಬಗೆ

ಮೊದಲು ಮತ್ತಿಯ ಪಟ್ಟಿಗಳನ್ನು ನೋಡಿದೆವು. ತುದಿಯಿಂದ ಸರಿಯಾಗಿ ಅರ್ಧ ಇಂಚು ಒಳಗೆ ಮೊಳೆಯ ತೂತು; ಆ ತೂತಿನಿಂದ ತುದಿಯವರೆಗೆ ನೇರವಾದ ಬಿರುಕು; ಕೆಲವು ಪಟ್ಟಿಗಳಲ್ಲಿ ಬಿರುಕು ಇನ್ನೊಂದು ದಿಕ್ಕಿಗೂ ಗೇಣುದ್ದ ಹರಿದಿತ್ತು. ಬಿರುಕಿನ ಒಳಮೈ ಎರಡು ಬಣ್ಣದ್ದಾಗಿತ್ತು. ತುದಿಯ ಕಡೆಯ ಭಾಗ ಮಣ್ಣು ಮತ್ತು ಪಾಚಿ ಹಿಡಿದು ಕಪ್ಪಾಗಿದ್ದರೆ, ಒಳಗಿನ ಭಾಗದ ಮರ ಇನ್ನೂ ಹೊಸದಾಗಿ ಕೆಂಚಗಿತ್ತು. ಅಂದರೆ ತುದಿಯ ಸೀಳು ಮೊಳೆ ಹೊಡೆದಾಗಲೇ ಬಿಟ್ಟಿತ್ತು, ಉಳಿದದ್ದು ಗಾಳಿಗೆ ಅಲುಗಾಡಿ ಬೆಳೆದಿತ್ತು. ಹೊಡೆಯುವಾಗ ಆ ಕೂದಲೆಳೆಯ ಬಿರುಕು ಮೊಳೆಯ ತಲೆಯ ಅಡಿಯಲ್ಲಿ ಮುಚ್ಚಿಹೋಗಿದ್ದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಮರ ಸೀಳುವ ಕ್ರಮವನ್ನು ಇಲ್ಲಿ ಸ್ವಲ್ಪ ಹೇಳಬೇಕು. ಮರದ ನಾರುಗಳು ಉದ್ದಕ್ಕೆ ಎಳೆದರೆ ಬಹಳ ಬಲವಾಗಿ ತಡೆಯುತ್ತವೆ. ಆದರೆ ಒಂದರ ಪಕ್ಕದ ಒಂದನ್ನು ಬೇರ್ಪಡಿಸುವ ಎಳೆತವನ್ನು ಅವು ತಡೆಯುವ ಶಕ್ತಿ ಅದಕ್ಕಿಂತ ಹಲವು ಪಟ್ಟು ಕಡಿಮೆ. ಚೂಪಾದ ತುದಿಯ ಮೊಳೆ ಒಳಗಿಳಿಯುವಾಗ ನಾರುಗಳನ್ನು ತುಂಡರಿಸುವುದಿಲ್ಲ, ಎರಡೂ ಬದಿಗೆ ಸರಿಸುತ್ತದೆ. ಪಟ್ಟಿಯ ನಡುವೆ ಹೊಡೆದಾಗ ಮುಂದೆಯೂ ಹಿಂದೆಯೂ ಸಾಕಷ್ಟು ಮರ ಇರುವುದರಿಂದ ಈ ಸರಿಯುವಿಕೆ ಅಲ್ಲಿಗೇ ನಿಲ್ಲುತ್ತದೆ. ತುದಿಯ ಹತ್ತಿರ ಹೊಡೆದಾಗ ಒಂದು ಕಡೆ ಹಿಡಿದಿಡಲು ಮರವೇ ಇರುವುದಿಲ್ಲ, ಆದ್ದರಿಂದ ನಾರುಗಳು ತುದಿಯವರೆಗೂ ಬಾಯಿಬಿಡುತ್ತವೆ. ತೂತು ಕೊರೆಯದೆ ಹೊಡೆಯುವುದಾದರೆ ತುದಿಯಿಂದ ಮೊಳೆಗೆ ಇರಬೇಕಾದ ಅಂತರ ಮೊಳೆಯ ದಪ್ಪದ ಹತ್ತರಿಂದ ಹದಿನೈದು ಪಟ್ಟು ಎಂಬುದು ಬಡಗಿ ಕೆಲಸದಲ್ಲಿ ಒಪ್ಪಿತವಾದ ಲೆಕ್ಕ. ಗಟ್ಟಿ ಮರಕ್ಕೆ ಹದಿನೈದನ್ನೇ ಹಿಡಿಯುವುದು ಕ್ಷೇಮ. 10 ಗೇಜಿನ ಮೊಳೆಯ ದಪ್ಪ 3.25 ಮಿ.ಮೀ. ಹಾಗಾಗಿ ಈ ಮತ್ತಿ ಪಟ್ಟಿಯಲ್ಲಿ ಬೇಕಿದ್ದ ಅಂತರ ಸುಮಾರು 49 ಮಿ.ಮೀ., ಅಂದರೆ ಹೆಚ್ಚುಕಡಿಮೆ ಎರಡು ಇಂಚು. ಇದ್ದದ್ದು ಅರ್ಧ ಇಂಚು, ಮೊಳೆಯ ದಪ್ಪದ ನಾಲ್ಕು ಪಟ್ಟು ಮಾತ್ರ. ಈ ಅಳತೆಯಲ್ಲಿ ಮತ್ತಿ ಸೀಳದೇ ಉಳಿದಿದ್ದರೆ ಅದೇ ಆಶ್ಚರ್ಯವಾಗುತ್ತಿತ್ತು.

ಪಟ್ಟಿಗಳು ಒಂದನ್ನೊಂದು ದಾಟುವ ಕಡೆ ಬೇರೊಂದು ಬಗೆಯ ಹಾನಿ ಕಂಡಿತು. ಎರಡು ಪಟ್ಟಿ ಸೇರಿದರೆ ಒಂದು ಇಂಚು ದಪ್ಪ, ಮೊಳೆ ಎರಡೂವರೆ ಇಂಚು. ಹೊರಬಂದ ಒಂದೂವರೆ ಇಂಚನ್ನು ಹಿಂದಿನಿಂದ ಮಡಚಿ ಹೊಡೆದಿದ್ದರು. ಮೊಳೆ ಮಡಚುವುದು ತಪ್ಪಲ್ಲ, ತೆಳು ಪಟ್ಟಿಗಳಿಗೆ ಅದು ಒಳ್ಳೆಯ ಉಪಾಯವೇ. ಆದರೆ ಇಲ್ಲಿ ಮಡಚಿದ್ದು ಹಿಂದಿನ ಪಟ್ಟಿಯ ನಾರಿನ ನೇರಕ್ಕೆ. ಹಾಗೆ ಮಡಚಿದ ದಪ್ಪ ಮೊಳೆ ನಾರುಗಳ ನಡುವೆಯೇ ಹೂತುಕೊಂಡು ಎರಡನೆಯ ಸೀಳನ್ನು ತೆರೆದಿತ್ತು. ನಾರಿಗೆ ಅಡ್ಡವಾಗಿ ಮಡಚಿದ್ದರೆ ಅದೇ ತುದಿ ಹಲವು ನಾರುಗಳನ್ನು ಒಟ್ಟಿಗೆ ಅಪ್ಪಿ ಹಿಡಿಯುತ್ತಿತ್ತು.

ಗಾಳಿಮರದ ಕಥೆ ಇನ್ನೊಂದು. ಹತ್ತೊಂಬತ್ತನೆಯ ಶತಮಾನದಿಂದ ಕಾರವಾರದ ಕಡಲ ದಂಡೆಯಲ್ಲಿ ಬೆಳೆಸುತ್ತ ಬಂದ ಈ ಮರ ನಮ್ಮ ಕಡೆ ಗಳಕ್ಕೂ ಸೌದೆಗೂ ಬಹಳ ಬಳಕೆಯದು. ಭಾರವಾದ, ಗಟ್ಟಿಯಾದ, ಒಣಗುವಾಗ ಬಿರುಕು ಬಿಡುವ ಸ್ವಭಾವದ ಮರ ಅದು. ಹಸಿ ಗಳಕ್ಕೆ ಮೊಳೆ ಸಲೀಸಾಗಿ ಇಳಿಯುತ್ತದೆ, ಸೀಳುವುದೂ ಇಲ್ಲ. ಅದನ್ನು ನೋಡಿಯೇ ಎಲ್ಲವೂ ಸರಿಯಿದೆ ಎಂದುಕೊಳ್ಳುತ್ತೇವೆ. ಮರ ಒಣಗುತ್ತ ಅಡ್ಡಕ್ಕೆ ಕುಗ್ಗುತ್ತದೆ, ಒಳಗಿರುವ ಕಬ್ಬಿಣ ಕುಗ್ಗುವುದಿಲ್ಲ. ಆಗ ಬಿರುಕು ಮೊಳೆ ಇರುವ ಕಡೆಯೇ ಬೀಳುತ್ತದೆ. ಈ ಹಂದರದಲ್ಲಿ ಕಂಬದ ಮೇಲೆ ಪಟ್ಟಿಗಳನ್ನು ಹಿಡಿಸಲು ಒಂದರ ಕೆಳಗೊಂದರಂತೆ ನೇರ ಸಾಲಿನಲ್ಲಿ ಮೊಳೆಗಳು ಇಳಿದಿದ್ದವು. ಪಟ್ಟಿಯ ದೃಷ್ಟಿಯಿಂದ ಅವು ಬೇರೆ ಬೇರೆ ನಾರಿನಲ್ಲಿದ್ದರೂ ಕಂಬದ ದೃಷ್ಟಿಯಿಂದ ಎಲ್ಲವೂ ಒಂದೇ ನಾರಿನ ಮೇಲೆ. ಒಂದು ಮೊಳೆಯ ಬಿರುಕು ಮುಂದಿನ ಮೊಳೆಯ ಬಿರುಕನ್ನು ಕೂಡಿಕೊಂಡು, ಕಂಬದ ಅರ್ಧ ಎತ್ತರಕ್ಕೆ ಕೈಬೆರಳಿನ ಉಗುರು ಹೊಗುವಷ್ಟು ಸಂದು ತೆರೆದಿತ್ತು.

ಅಡಿಕೆ ದಬ್ಬೆಗಳ ವಿಷಯದಲ್ಲಿ ಹೆಚ್ಚು ಪರಿಶೀಲನೆ ಬೇಕಾಗಲಿಲ್ಲ. ಮೊಳೆ ಹೊಡೆದ ದಬ್ಬೆಗಳೆಲ್ಲ ಉದ್ದಕ್ಕೂ ಎರಡಾಗಿದ್ದವು. ಅಡಿಕೆಯ ಹೊರ ಸುತ್ತು ಕಲ್ಲಿನಷ್ಟು ಗಟ್ಟಿ, ಒಳಗಿನದು ಮೆತ್ತಗೆ. ನಾರುಗಳು ಬುಡದಿಂದ ತುದಿಗೆ ನೇರವಾಗಿ ಓಡುತ್ತವೆ, ಅವನ್ನು ಅಡ್ಡಕ್ಕೆ ಬಿಗಿದಿಡುವ ಕಟ್ಟು ಬಹಳ ಕಡಿಮೆ. ಕತ್ತಿಯ ಒಂದು ಏಟಿಗೆ ಅಡಿಕೆ ಮರವನ್ನು ದಬ್ಬೆ ಸೀಳಲು ಸಾಧ್ಯವಾಗುವುದು ಈ ಗುಣದಿಂದಲೇ. ಬಿದಿರಿನದ್ದೂ ಇದೇ ಸ್ವಭಾವ. ಸೀಳುವುದಕ್ಕೆ ಇಷ್ಟು ಅನುಕೂಲವಾದ ವಸ್ತುವಿಗೆ ದಪ್ಪ ಮೊಳೆ ಹೊಡೆದು ಅದು ಸೀಳಬಾರದೆಂದು ನಿರೀಕ್ಷಿಸುವಂತಿಲ್ಲ. ನನ್ನ ಅಭಿಪ್ರಾಯದಲ್ಲಿ ದಬ್ಬೆಗೂ ಬಿದಿರಿಗೂ ಮೊಳೆಯೇ ಬೇಡ.

ತುಕ್ಕು ಮತ್ತು ಕಪ್ಪು ಕಲೆ

ಕಳಚಿದ ಮೊಳೆಗಳಲ್ಲಿ ಹೆಚ್ಚಿನವು ಒಂದೇ ಮಳೆಗಾಲಕ್ಕೆ ತಲೆಯ ಬುಡದಲ್ಲಿ ಸವೆದು ಹೋಗಿದ್ದವು. ಕಡಲ ತೆರೆ ಒಡೆದಾಗ ಏಳುವ ಉಪ್ಪಿನ ಹನಿ ಗಾಳಿಯೊಂದಿಗೆ ಒಳನಾಡಿಗೆ ಬರುತ್ತದೆ. ಅದರಲ್ಲಿನ ಕ್ಲೋರೈಡ್ ಕಬ್ಬಿಣದ ತುಕ್ಕನ್ನು ತೀವ್ರಗೊಳಿಸುತ್ತದೆ. ಇದಕ್ಕೆ ಕರಾವಳಿಯ 3000 ಮಿ.ಮೀ. ಆಸುಪಾಸಿನ ಮಳೆ ಸೇರಿದರೆ ಸಾದಾ ಮೊಳೆಗೆ ಉಳಿಗಾಲ ಕಡಿಮೆ. ತುಕ್ಕಿನಿಂದ ಮೊಳೆ ತೆಳ್ಳಗಾಗುವುದು ಒಂದು ನಷ್ಟವಾದರೆ, ಇನ್ನೊಂದನ್ನು ಸಾಮಾನ್ಯವಾಗಿ ಯಾರೂ ಗಮನಿಸುವುದಿಲ್ಲ: ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಬಿಗಿಯಾಗಿ ಕೂತ ಮೊಳೆ ತುಕ್ಕು ಹಿಡಿದು ಉಬ್ಬಿದಾಗ, ಹೊಡೆಯುವಾಗ ಸೀಳದೇ ಉಳಿದ ಮರವೂ ಆಮೇಲೆ ಸೀಳುವ ಸಾಧ್ಯತೆ ಇರುತ್ತದೆ.

ಮತ್ತಿಯ ಪಟ್ಟಿಗಳಲ್ಲಿ ಪ್ರತಿ ಮೊಳೆಯ ಸುತ್ತ ನೀಲಿಗಪ್ಪು ಕಲೆ ಹರಡಿತ್ತು. ಅಡಿಕೆ ಬೇಯಿಸಿದ ಚೊಗರು ಕಬ್ಬಿಣದ ಪಾತ್ರೆಗೆ ತಾಗಿದರೆ ಕಪ್ಪಾಗುವುದನ್ನು ತೋಟದವರು ಬಲ್ಲರು. ಮತ್ತಿಯಲ್ಲಿರುವ ಅಂಥದೇ ಒಗರು ಅಂಶ, ಅಂದರೆ ಟ್ಯಾನಿನ್, ನೀರು ಮತ್ತು ಕಬ್ಬಿಣದೊಂದಿಗೆ ಸೇರಿ ಈ ಬಣ್ಣವನ್ನು ಕೊಡುತ್ತದೆ. ಕಲೆ ಮೇಲ್ನೋಟದ ವಿಷಯವಾದರೂ ಮೊಳೆ ಕರಗುತ್ತಿರುವುದರ ಸೂಚನೆ ಅದು.

ಇದೇ ಸಂದರ್ಭದಲ್ಲಿ, ಶಿರಸಿಯ ಕಡೆಯ ನೆಂಟರು ಕಂಬ ಮತ್ತು ಪಟ್ಟಿಗಳನ್ನು ಮೈಲುತುತ್ತದ (ತಾಮ್ರದ ಸಲ್ಫೇಟ್) ನೀರಿನಲ್ಲಿ ಅದ್ದಿ ಬಳಸಿರೆಂದು ಸಲಹೆ ಕೊಟ್ಟಿದ್ದರು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ, ಅಂದರೆ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣ, ಸಿಂಪಡಿಸುವ ಮನೆಗಳಲ್ಲಿ ಮೈಲುತುತ್ತ ಇದ್ದೇ ಇರುತ್ತದೆ, ಶಿಲೀಂಧ್ರದಿಂದ ಮರವನ್ನು ಕಾಪಾಡುವ ಗುಣವೂ ತಾಮ್ರಕ್ಕೆ ಇದೆ. ಆದರೆ ಸುಣ್ಣ ಬೆರೆಸದ ಮೈಲುತುತ್ತದ ದ್ರಾವಣ ಕಬ್ಬಿಣವನ್ನೂ ಸತುವನ್ನೂ ತಿನ್ನುತ್ತದೆ. ಅದರಲ್ಲಿ ನೆನೆದ ಹಸಿ ಮರಕ್ಕೆ ಜಿಐ (ಸತು ಲೇಪಿಸಿದ) ಮೊಳೆ ಹೊಡೆದರೆ ಮೊಳೆಯ ಲೇಪವನ್ನು ನಾವೇ ಕೈಯಾರೆ ತೆಗೆದಂತೆ. ಆದ್ದರಿಂದ ಆ ಸಲಹೆಯನ್ನು ಮೊಳೆ ತಾಗದ, ನೆಲದೊಳಗೆ ಹೋಗುವ ಕಂಬದ ಬುಡಕ್ಕೆ ಮಾತ್ರ ಸೀಮಿತಗೊಳಿಸಿದೆವು.

ಮತ್ತೆ ಕಟ್ಟಿದ ಕ್ರಮ

ದೀಪಾವಳಿಯ ನಂತರ, ಬೇಸಿಗೆಯ ಬಸಳೆಗೆ ಹಂದರ ಬೇಕೆಂದಾಗ, ಉಳಿದ ಸಾಮಾನನ್ನೇ ಆರಿಸಿಕೊಂಡು ಪೂರ್ತಿಯಾಗಿ ಮತ್ತೆ ಕಟ್ಟಲಾಯಿತು. ಆಚಾರಿಗಳೂ ಅವರೇ. ಮನೆಯ ಹಿರಿಯಮ್ಮನಿಗೆ ತೆಳು ಮೊಳೆಯ ಬಗ್ಗೆ ನಂಬಿಕೆ ಇರಲಿಲ್ಲ. "ದೊಡ್ಡ ಮೊಳೆಯೇ ನಿಲ್ಲಲಿಲ್ಲ, ಈ ಸಣ್ಣದು ನಿಲ್ತದೇನೋ ತಮ್ಮಾ?" ಎಂದು ಅವರು ಕೇಳಿದ ಪ್ರಶ್ನೆ ನ್ಯಾಯವಾದದ್ದು, ಮತ್ತು ಈ ಪ್ರಕರಣದ ತಿರುಳೂ ಅದೇ. ಸೀಳಿದ ಮರದಲ್ಲಿ ಎಷ್ಟು ದಪ್ಪದ ಮೊಳೆಗೂ ಹಿಡಿತ ಇರುವುದಿಲ್ಲ. ಸೀಳದ ಮರದಲ್ಲಿ ತೆಳು ಮೊಳೆ ತನ್ನ ಸುತ್ತಲಿನ ನಾರಿನ ಒತ್ತಡದಿಂದಲೇ ಗಟ್ಟಿಯಾಗಿ ನಿಲ್ಲುತ್ತದೆ. ಜೊತೆಗೆ, ಭಾರವನ್ನು ಮೊಳೆಯ ಮೇಲೆ ಹಾಕುವ ಬದಲು ಮರದ ಮೇಲೆಯೇ ಕೂರುವಂತೆ ಜೋಡಿಸಿದರೆ ಮೊಳೆಗೆ ಉಳಿಯುವ ಕೆಲಸ ತುಂಡನ್ನು ಅದರ ಜಾಗದಲ್ಲಿ ನಿಲ್ಲಿಸುವುದಷ್ಟೇ.

ಅದಕ್ಕಾಗಿ ಮೊದಲು ಕಂಬದ ತಲೆಗಳನ್ನು ಸರಿಪಡಿಸಿದೆವು. ಹಿಂದಿನ ಕಟ್ಟಣೆಯಲ್ಲಿ ಮೇಲಿನ ಅಡ್ಡಗಳನ್ನು ಕಂಬದ ಪಕ್ಕಕ್ಕೆ ತಾಗಿಸಿ ಮೊಳೆ ಹೊಡೆದಿದ್ದರಿಂದ, ಮಳೆಯಲ್ಲಿ ತೊಯ್ದ ಬಳ್ಳಿಯ ತೂಕವೆಲ್ಲ ಆ ಮೊಳೆಗಳ ಮೇಲೆಯೇ ಇತ್ತು. ಈಗ ಪ್ರತಿ ಕಂಬದ ತಲೆಗೆ ಉಳಿಯಿಂದ ಕಚ್ಚು ತೆಗೆದು ಅಡ್ಡವನ್ನು ಅದರಲ್ಲಿ ಕೂರಿಸಲಾಯಿತು. ಹಿಂದಿನವರು ಚಪ್ಪರಕ್ಕೆ ಕವಲಿರುವ ಕಂಬವನ್ನೇ ಹುಡುಕಿ ತರುತ್ತಿದ್ದುದು ಇದೇ ಉದ್ದೇಶಕ್ಕೆ. ಕಚ್ಚಿನಲ್ಲಿ ಕೂತ ಅಡ್ಡವನ್ನು 14 ಗೇಜಿನ ಜಿಐ ತಂತಿಯಿಂದ ಎರಡು ಸುತ್ತು ಹಾಕಿ ಇಕ್ಕಳದಲ್ಲಿ ತಿರುಚಿ ಬಿಗಿದೆವು. ಅಲ್ಲಿ ಮೊಳೆಯನ್ನೇ ಬಳಸಲಿಲ್ಲ. ಸೀಳಿದ್ದ ಒಂದು ಕಂಬವನ್ನು ತೆಗೆದು, ಸಿಪ್ಪೆ ಬಿಡಿಸಿ ನೆರಳಿನಲ್ಲಿ ಕೆಲವು ತಿಂಗಳು ಒಣಗಿಸಿದ್ದ ಗಳವನ್ನು ಹಾಕಿದೆವು. ಅದರ ಎರಡೂ ತುದಿಗೆ ಸಗಣಿ ಮೆತ್ತಿಟ್ಟಿದ್ದರಿಂದ ತುದಿ ಬೇಗನೆ ಒಣಗಿ ಬಾಯಿಬಿಡುವುದು ತಪ್ಪಿತ್ತು.

ಮತ್ತಿ ಪಟ್ಟಿಗಳಿಗೆ ಆರಿಸಿದ್ದು ಒಂದೂವರೆ ಇಂಚಿನ 14 ಗೇಜಿನ ಮೊಳೆ. ತೆಳು ತುಂಡಿನ ದಪ್ಪದ ಮೂರು ಪಟ್ಟು ಉದ್ದ ಎಂಬ ಸಾಮಾನ್ಯ ಅಳತೆಗೆ ಇದು ಸರಿಹೊಂದುತ್ತದೆ: ಅರ್ಧ ಇಂಚು ಪಟ್ಟಿಯಲ್ಲಿ, ಒಂದು ಇಂಚು ಕಂಬದಲ್ಲಿ. ಇದರ ದಪ್ಪ 2.03 ಮಿ.ಮೀ.; ತುದಿಯಿಂದ ಹದಿನೈದು ಪಟ್ಟು ಎಂದರೆ 30 ಮಿ.ಮೀ., ಅಂದರೆ ಒಂದು ಇಂಚಿಗಿಂತ ಸ್ವಲ್ಪ ಹೆಚ್ಚು. ಆ ಅಂತರ ಸಿಗಲೆಂದು ಪಟ್ಟಿಗಳನ್ನು ಬೇಕಾದ್ದಕ್ಕಿಂತ ಎರಡೆರಡು ಇಂಚು ಉದ್ದವಾಗಿಯೇ ಕೊಯ್ದು, ಕಂಬದಿಂದ ಆಚೆ ಚಾಚುವಂತೆ ಬಿಟ್ಟು ಮೊಳೆ ಹೊಡೆದೆವು. ಚಾಚಿದ ತುದಿ ಕಣ್ಣಿಗೆ ಅಡ್ಡವಾದರೆ ಹೊಡೆದ ನಂತರ ಗರಗಸದಿಂದ ತೆಗೆಯಬಹುದು. ಆದರೆ ಬಿಟ್ಟರೆ ಬಳ್ಳಿಯ ತುದಿ ಹಿಡಿಯಲು ಅದೂ ಒಂದು ಆಸರೆ, ಹಾಗಾಗಿ ಇಲ್ಲಿ ಬಿಟ್ಟಿದ್ದೇವೆ.

ಮತ್ತಿ ಗಟ್ಟಿ ಮರ, ಅದೂ ವರ್ಷಗಟ್ಟಲೆ ಮಾಡಿನಲ್ಲಿ ಒಣಗಿದ್ದು. ಆದ್ದರಿಂದ ಅಂತರ ಬಿಟ್ಟರೂ ತೂತು ಕೊರೆಯುವುದನ್ನು ಬಿಡಲಿಲ್ಲ. ತೂತಿನ ಅಳತೆ ಮೊಳೆಯ ದಪ್ಪದ ಮುಕ್ಕಾಲು ಭಾಗದಷ್ಟಿರಬೇಕು: 14 ಗೇಜಿಗೆ 1.5 ಮಿ.ಮೀ., 12 ಗೇಜಿಗೆ 2 ಮಿ.ಮೀ., 10 ಗೇಜಿಗೆ 2.5 ಮಿ.ಮೀ. ಬಿಟ್ ಸಾಕು. ಇದಕ್ಕಿಂತ ದೊಡ್ಡದಾದಷ್ಟೂ ಮೊಳೆಯ ಹಿಡಿತ ಕಡಿಮೆಯಾಗುತ್ತದೆ. ಅಂಗಡಿಯಲ್ಲಿ 1.5 ಮಿ.ಮೀ. ಬಿಟ್ ಸಿಗದಿದ್ದಾಗ, ಅದೇ ಮೊಳೆಗಿಂತ ಒಂದು ಗೇಜು ತೆಳುವಾದ ಮೊಳೆಯ ತಲೆ ಕತ್ತರಿಸಿ ಡ್ರಿಲ್ಲಿಗೆ ಸಿಕ್ಕಿಸಿದರೆ ಅದೇ ಬಿಟ್ಟಿನ ಕೆಲಸ ಮಾಡುತ್ತದೆ. ಕಂಬದ ಗಾಳಿಮರದಲ್ಲೂ ಮೊಳೆ ಇಳಿಯುವ ಆಳದವರೆಗೆ ಹೆಚ್ಚುಕಡಿಮೆ ಅದೇ ತೂತನ್ನು ಮುಂದುವರಿಸಿದೆವು. ಹಾಗೆ ಮಾಡದಿದ್ದಾಗ ತೆಳು ಮೊಳೆ ಅರ್ಧಕ್ಕೆ ನಿಂತು ಬಾಗುತ್ತದೆ.

ಆಚಾರಿಗಳು ಇಲ್ಲಿ ತಮ್ಮ ಹಳೆಯ ರೂಢಿಯೊಂದನ್ನು ತೋರಿಸಿದರು. ಮೊಳೆಯನ್ನು ತಲೆಕೆಳಗಾಗಿ ಕಲ್ಲಿನ ಮೇಲೆ ನಿಲ್ಲಿಸಿ, ಚೂಪು ತುದಿಗೆ ಸುತ್ತಿಗೆಯಿಂದ ಹಗುರವಾಗಿ ಒಂದು ಏಟು. ಚೂಪು ಹೋಗಿ ತುದಿ ಮೊಂಡಾಗುತ್ತದೆ. ಮೊಂಡು ತುದಿ ನಾರುಗಳನ್ನು ಬದಿಗೆ ಸರಿಸುವ ಬದಲು ಜಜ್ಜಿ ತುಂಡರಿಸಿಕೊಂಡು ಇಳಿಯುವುದರಿಂದ ಸೀಳು ಕಡಿಮೆ. ಹಿಡಿತವೂ ತುಸು ಕಡಿಮೆಯಾಗುತ್ತದೆ ಎಂಬುದನ್ನು ಒಪ್ಪಬೇಕು. ಮಾವಿನಂಥ ಮೃದು ಮರದ ತೆಳು ಪಟ್ಟಿಗಳಿಗೆ ಈ ಒಂದು ಉಪಾಯವೇ ಸಾಕು. ಒಣಗಿದ ಮತ್ತಿಗೆ ಸಾಲದು. ಮತ್ತಿಯ ಒಂದು ಗುಜರಿ ತುಂಡಿನ ಮೇಲೆ ತೂತು ಕೊರೆದು ಒಂದು, ತುದಿ ಮೊಂಡು ಮಾಡಿ ಒಂದು, ಏನೂ ಮಾಡದೆ ಒಂದು ಮೊಳೆಯನ್ನು ಅಕ್ಕಪಕ್ಕದಲ್ಲಿ ಹೊಡೆದು ನೋಡಿದಾಗ ಕೊರೆದದ್ದು ಮಾತ್ರ ಬಿರುಕಿಲ್ಲದೆ ಕೂತಿತು. ಕೆಲಸ ಶುರುಮಾಡುವ ಮೊದಲು ಅದೇ ಮರದ ತುಂಡಿನ ಮೇಲೆ ಹೀಗೆ ನೋಡಿಕೊಳ್ಳುವುದು ಯಾವ ಲೆಕ್ಕಕ್ಕಿಂತಲೂ ವಿಶ್ವಾಸಾರ್ಹ.

ಕಂಬಕ್ಕೆ ಪಟ್ಟಿ ಕೂಡುವ ಕಡೆ ಎರಡು ಮೊಳೆಗಳನ್ನು ಓರೆಯಾಗಿ, ಒಂದು ಮೇಲೆ ಎಡಕ್ಕೆ, ಇನ್ನೊಂದು ಕೆಳಗೆ ಬಲಕ್ಕೆ ಹೊಡೆಯಲಾಯಿತು. ಪಟ್ಟಿಯಲ್ಲಾಗಲಿ ಕಂಬದಲ್ಲಾಗಲಿ ಎರಡೂ ಒಂದೇ ನಾರಿನ ಮೇಲೆ ಬೀಳಲಿಲ್ಲ. ಪಟ್ಟಿಗಳು ದಾಟುವ ಕಡೆ ಒಂದೊಂದೇ ಮೊಳೆ, ಸರಿಯಾಗಿ ನಡುವೆ. ಹೊರಬಂದ ಅರ್ಧ ಇಂಚನ್ನು, ಮುಂದೆ ಇನ್ನೊಂದು ಸುತ್ತಿಗೆಯ ಆಸರೆ ಕೊಟ್ಟು, ಹಿಂದಿನ ಪಟ್ಟಿಯ ನಾರಿಗೆ ಅಡ್ಡವಾಗಿ ಮಡಚಿ ಕೂರಿಸಿದರು. ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುವ ಪಟ್ಟಿಗೆ ಒಂದೇ ಮೊಳೆಯಿದ್ದರೆ ಎರಡೂ ಬದಿಗೆ ಸರಿಯಲು ಜಾಗವಿರುತ್ತದೆ.

ಮೊಳೆಯ ಲೋಹದ ಆಯ್ಕೆ ಸುಲಭವಾಗಿರಲಿಲ್ಲ. ಅಂಗಡಿಯಲ್ಲಿ ಜಿಐ ಎಂದು ಕೊಡುವ ಮೊಳೆಗಳಲ್ಲಿ ಎರಡು ಬಗೆ. ಹೊಳೆಯುವ, ನುಣುಪಾದ ಮೊಳೆಗೆ ವಿದ್ಯುತ್ತಿನಿಂದ ಹಚ್ಚಿದ ಸತುವಿನ ಬಹಳ ತೆಳು ಪದರವಿರುತ್ತದೆ. ಮಂಕು ಬೂದು ಬಣ್ಣದ, ಮುಟ್ಟಿದರೆ ತುಸು ಒರಟಾದ ಮೊಳೆ ಕರಗಿದ ಸತುವಿನಲ್ಲಿ ಅದ್ದಿ ತೆಗೆದದ್ದು. ಅದರ ಪದರ ಹಲವು ಪಟ್ಟು ದಪ್ಪ. ಕಡಲ ಬದಿಗೆ ಎರಡನೆಯದೇ ಬೇಕು. ಸ್ಟೇನ್‌ಲೆಸ್ ಸ್ಟೀಲ್ ಎಲ್ಲಕ್ಕಿಂತ ಉತ್ತಮ, ಅದರಲ್ಲೂ ಉಪ್ಪಿನ ಗಾಳಿಗೆ 304ಕ್ಕಿಂತ 316 ದರ್ಜೆ ಹೆಚ್ಚು ತಾಳುತ್ತದೆ. ಆದರೆ ಕೆಲವೇ ವರ್ಷ ಬಾಳುವ ತರಕಾರಿ ಹಂದರಕ್ಕೆ ಅಷ್ಟು ಖರ್ಚು ಮಾಡುವುದು ನನಗೆ ಸರಿಯೆನಿಸಲಿಲ್ಲ. ಮಲ್ಲಿಗೆಯಂಥ ದೀರ್ಘಕಾಲದ ಬಳ್ಳಿಗೆ ಸಾಗವಾನಿಯ ಹಂದರ ಮಾಡುವವರು ಅದನ್ನು ಯೋಚಿಸಬಹುದು. ಕಾಂಕ್ರೀಟ್ ಮೊಳೆಯನ್ನು ಮಾತ್ರ ಮರಕ್ಕೆ ಬಳಸಲೇಬಾರದು. ಅದು ದಪ್ಪ, ಬಿರುಸು, ಮಡಚಲು ಹೋದರೆ ಮುರಿಯುತ್ತದೆ.

ದಬ್ಬೆಗಳನ್ನು ಕತ್ತದ (ತೆಂಗಿನ ನಾರಿನ) ಹುರಿಯಿಂದ ಕಟ್ಟಿದೆವು. ಪಶ್ಚಿಮ ಕರಾವಳಿಯ ಹಳೆಯ ದೋಣಿಗಳ ಹಲಗೆಗಳನ್ನು ಮೊಳೆಯಿಲ್ಲದೆ, ತೂತು ಕೊರೆದು ಕತ್ತದ ಹುರಿಯಲ್ಲೇ ಹೊಲಿಯುತ್ತಿದ್ದರೆಂಬುದನ್ನು ನೆನೆದರೆ ಹುರಿಯ ಕಟ್ಟನ್ನು ಕೀಳಾಗಿ ಕಾಣಬೇಕಿಲ್ಲ. ದಬ್ಬೆಯ ಗಟ್ಟಿ ಹೊರಮೈ ಮೇಲಿದ್ದು ಮೆತ್ತನೆಯ ಒಳಮೈ ಕೆಳಕ್ಕಿರುವಂತೆ ಹಾಸಿದರೆ ನೀರು ಜಾರಿ ಹೋಗುತ್ತದೆ. ಅಡ್ಡದ ಗಳಕ್ಕೆ ಕತ್ತರಿ ಸುತ್ತು ಹಾಕಿ ಬಿಗಿದ ಹುರಿ ಮಳೆಯಲ್ಲಿ ಒಂದೆರಡು ವರ್ಷ ನಿಲ್ಲುತ್ತದೆ. ಅಷ್ಟರಲ್ಲಿ ದಬ್ಬೆಯೂ ಬದಲಿಸುವ ಹಂತಕ್ಕೆ ಬಂದಿರುತ್ತದೆ.

ಮುಂದಿನ ಮಳೆಗಾಲದ ನಂತರ ಕಂಡದ್ದು

ಹಂದರ ಮುಂದಿನ ಮಳೆಗಾಲವನ್ನು ನಿಂತು ಕಳೆಯಿತು. ಜಾಲರಿಯ ಮತ್ತಿ ಪಟ್ಟಿಗಳಲ್ಲಿ ಮೊಳೆಯ ಜಾಗದಿಂದ ಹೊರಟ ಹೊಸ ಸೀಳು ಕಾಣಲಿಲ್ಲ. ಮೊಳೆಯ ಸುತ್ತ ಕಲೆ ಇದೆ, ಆದರೆ ತಲೆಗಳು ಗಟ್ಟಿಯಾಗಿವೆ. ಸುತ್ತಿಗೆಯ ಏಟಿಗೆ ತಲೆಯ ಮೇಲಿನ ಸತು ಎದ್ದಿದ್ದ ಕಡೆ ಮಾತ್ರ ತುಕ್ಕಿನ ಚುಕ್ಕೆ ಮೂಡಿದೆ. ಆ ತಲೆಗಳಿಗೆ ಒಣ ಹವೆಯಲ್ಲಿ ಎಣ್ಣೆಬಣ್ಣದ ಒಂದು ಹನಿ ಮುಟ್ಟಿಸಲು ಹೇಳಿದ್ದೇನೆ. ಹಳೆಯ ಗಾಳಿಮರದ ಕಂಬಗಳ ಪೈಕಿ ಎರಡರಲ್ಲಿ ಮೊದಲೇ ಇದ್ದ ಬಿರುಕು ಸ್ವಲ್ಪ ಅಗಲವಾಗಿದ್ದು, ಅಲ್ಲಿನ ಮೊಳೆಗಳು ಸಡಿಲವಾಗಿವೆ. ಸಡಿಲವಾದ ತೂತಿಗೇ ದಪ್ಪ ಮೊಳೆ ಹೊಡೆದರೆ ಬಿರುಕು ಮತ್ತಷ್ಟು ತೆರೆಯುವುದರಿಂದ, ಸದ್ಯಕ್ಕೆ ಬಿರುಕಿನ ಮೇಲೆಯೂ ಕೆಳಗೂ ತಂತಿಯ ಸುತ್ತು ಬಿಗಿದು, ಪಟ್ಟಿಯನ್ನು ಬೇರೆ ನಾರಿನ ಮೇಲೆ ಹೊಸ ತೂತಿನಲ್ಲಿ ಹಿಡಿಸಲಾಗಿದೆ. ಆ ಎರಡು ಕಂಬಗಳನ್ನು ಬದಲಿಸಲು ಗಳಗಳನ್ನು ಈಗಾಗಲೇ ಕೊಟ್ಟಿಗೆಯ ನೆರಳಿನಲ್ಲಿ ಒಣಗಲು ಇಡಲಾಗಿದೆ.